ಅಳಿಯನ ಮನೆಯ ಸಪ್ಪೆ ಸಾರು

ಆಷಾಢದ ಗಾಳಿ ಆ ದಿನ ಬೆಳಗಾಗುವ ಮೊದಲೇ ಎದ್ದು ಊರಿನ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತಟ್ಟಿಕೊಂಡು ಬಂದಿತ್ತು. ಮೋಡಗಳು ಕಪ್ಪಗೆ ಬರುತ್ತಿದ್ದವು, ನಿಲ್ಲದೆ ಹಾಗೇ ಓಡುತ್ತಿದ್ದವು. ನಡುವೆ ನಾಲ್ಕು ಹನಿ ಮುಖಕ್ಕೆ ಎರಚಿದಂತಾಗಿ, ಅಷ್ಟರಲ್ಲೇ ಬಿಸಿಲು. ನಾನು ಅಂಗಳದಲ್ಲಿ ರಂಗೋಲಿಯ ಕೊನೆಯ ಎಳೆ ಎಳೆಯುವ ಹೊತ್ತಿಗೆ ಮೊದಲನೆಯ ಎಳೆ ಪಕ್ಕದ ಮನೆಯ ಅಂಗಳ ಸೇರಿತ್ತು. "ಆಯ್ತಪ್ಪ, ನಿನಗೆ ಬೇಕಾದ ಕಡೆ ನೀನೇ ಬಿಡಿಸ್ಕೊ" ಎಂದು ಗಾಳಿಗೆ ಹೇಳಿ ಒಳಗೆ ಬಂದೆ. ಅಳಿಯನ ಮನೆಗೆ ಸಾರಿನ ರುಚಿ ನೋಡಲು ಹೋಗಬೇಕಾದ ದಿನ ಅದು.

ಮಗಳು ಸರ್ವಮಂಗಳ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದಳು. ನಾನು ಸೆರಗು ಸರಿ ಮಾಡಿಕೊಳ್ಳುವುದನ್ನು ನೋಡಿ ಕಾಲು ನಿಲ್ಲಿಸಿದಳು.

"ಅವ್ವ, ಸಪ್ಪೆ ಇದ್ರೆ ಸಪ್ಪೆ ಅನ್ನು. ಅಳಿಯ ಅಂತ ಮುಖ ನೋಡಬೇಡ."

"ಮುಖ ನೋಡೋಕೆ ಹೋಗ್ತಿಲ್ಲ ಕಣೆ. ಸಾರು ನೋಡೋಕೆ ಹೋಗ್ತಿದೀನಿ."

"ಎರಡು ಸಲ ಸಪ್ಪೆ ಆಗೈತೆ. ಇವತ್ತೂ ಆದ್ರೆ ಮುಗೀತು. ಹೊನ್ನಿ ಇನ್ನು ಆ ಹಿಟ್ಟಿನ ಮನೆ ಮೆಟ್ಟಲು ಹತ್ತೋ ಹಂಗಿಲ್ಲ" ಎಂದು ಮತ್ತೆ ಮೆಷಿನ್ನು ತುಳಿದಳು. ಹೊನ್ನಿ ಅವಳ ಮಗಳು, ನನ್ನ ಮೊಮ್ಮಗಳು.

ನಮ್ಮೂರಿನ ಉಪ್ಪಿನ ಗುಣ ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಮಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಮನೆಯೊಳಗಿರುವ ಮಗುವಿಗೆ ತಾನು ಇಲ್ಲಿರಬಾರದಿತ್ತು, ಬೇರೆಲ್ಲಾದರೂ ಇರಬೇಕಿತ್ತು ಅನ್ನಿಸಿದರೆ ಒಲೆಯ ಮೇಲಿನ ಸಾರಿಗೆ ಉಪ್ಪು ಹಿಡಿಯುವುದಿಲ್ಲ. ಹಾಕಿದ ಉಪ್ಪು ಎಲ್ಲಿಗೋ ಹೋಗಿ ಕೂರುತ್ತದೆ. ಮಗುವಿನ ಮನಸ್ಸು ಮರಳಿದರೆ ಉಪ್ಪೂ ಮರಳುತ್ತದೆ, ಅಷ್ಟೆ. ಬೇರೆ ಊರುಗಳಲ್ಲಿ ಸೊಸೆ ಬಂದರೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ತೋರಿಸುತ್ತಾರಂತೆ. ನಮ್ಮಲ್ಲಿ ಮಕ್ಕಳು ಎಲ್ಲಿದ್ದಾರೆ ಎಂದು ತೋರಿಸುತ್ತಾರೆ. ನೆಂಟರ ಮನೆಯಲ್ಲಿ ಪಲ್ಯ ಸಪ್ಪೆಯಾಯಿತೆಂದರೆ ತಾಯಂದಿರು "ನಮ್ಮದು ಹೊರಡೋ ಹೊತ್ತಾಯ್ತು" ಎಂದು ತಾವೇ ಚಪ್ಪಲಿ ಹುಡುಕುತ್ತಾರೆ. ಮದುವೆ ಅಡುಗೆಯವರು ಉಪ್ಪಿಗಿಂತ ಮೊದಲು ಹುಡುಗರಿಗೆ ಕತೆ ಹೇಳುವವರನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಶಾಲೆಯಲ್ಲಿ ಪರೀಕ್ಷೆಯ ವಾರ ಪೂರ್ತಿ ಮೇಷ್ಟ್ರುಗಳು ಉಪ್ಪಿನಕಾಯಿ ನಂಬಿಕೊಂಡು ಬದುಕುತ್ತಾರೆ. ಮಕ್ಕಳಿಲ್ಲದವರ ಮನೆಯ ಸಾರು ಯಾವತ್ತೂ ಕೈಕೊಡುವುದಿಲ್ಲ. ಪಾಪ, ಅವರ ಮನೆಗೇ ಇಡೀ ಕೇರಿ ಬಟ್ಟಲು ಹಿಡಿದು ಹೋಗುತ್ತದೆ. ಶಿವ ಒಂದು ಕಡೆ ಕಡಿಮೆ ಮಾಡಿದ್ದನ್ನು ಇನ್ನೊಂದು ಕಡೆ ತುಂಬಿಕೊಡುತ್ತಾನೆ.

ಇಂಥ ಊರಿನಲ್ಲಿ ಗಂಡ ಹೆಂಡತಿ ಬೇರೆಯಾದಾಗ ಮಗು ಯಾರ ಮನೆಗೆ ಎಷ್ಟು ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಕಷ್ಟವೇ ಅಲ್ಲ ಎಂದು ಎಲ್ಲರೂ ನಂಬಿದ್ದೆವು. ಅದಕ್ಕೊಂದು ಕೋರ್ಟಿತ್ತು; ಬೋರ್ಡಿನ ಮೇಲೆ ಅದರ ಹೆಸರು ಕುಟುಂಬ ನ್ಯಾಯಾಲಯ, ಜನರ ಬಾಯಲ್ಲಿ ಉಪ್ಪಿನ ಕೋರ್ಟು. ಮಗುವಿನ ಬಾಯಿ ಸುಳ್ಳು ಹೇಳೀತು, ಯಾರೋ ಕಲಿಸಿಕೊಟ್ಟದ್ದನ್ನು ಹೇಳೀತು, ಉಪ್ಪು ಹೇಳುವುದಿಲ್ಲ. ಆದ್ದರಿಂದ ಜಡ್ಜು ಮರುಳಸಿದ್ದಯ್ಯನವರು ಮಗುವನ್ನು ಏನೂ ಕೇಳುತ್ತಿರಲಿಲ್ಲ. ತಮ್ಮ ಬೆಳ್ಳಿಯ ಸೌಟು ಹಿಡಿದು ಮನೆಗೇ ಬಂದು ಸಾರು ರುಚಿ ನೋಡುತ್ತಿದ್ದರು. ಮಗು ಹಿಂದಿನ ಸಂಜೆಯೇ ಬಂದು ಆ ಮನೆಯಲ್ಲಿ ತಂಗಿರಬೇಕು. ಜಡ್ಜಿನ ನಾಲಿಗೆ ಯಾರ ಕಡೆಗೂ ವಾಲಿಲ್ಲ ಎನ್ನುವುದಕ್ಕೆ ಎದುರು ಕಡೆಯವರೊಬ್ಬರು ಜೊತೆಗೆ ಕೂತು ಉಣ್ಣಬೇಕು. ಮೂರು ಸಲ ಸಪ್ಪೆಯಾದರೆ ಆ ಮನೆಯ ಬಾಗಿಲು ಮಗು ದೊಡ್ಡದಾಗುವವರೆಗೂ ಮುಚ್ಚಿದಂತೆ.

ನನ್ನ ಅಳಿಯ ರೇವಣ್ಣನದು ಹಿಟ್ಟಿನ ಮಿಲ್ಲು. ಬೆಳಗಿನಿಂದ ಸಂಜೆಯವರೆಗೂ ರಾಗಿ, ಜೋಳ, ಮೆಣಸಿನಕಾಯಿ ಬೀಸುವ ಸದ್ದಿನಲ್ಲಿದ್ದವನಿಗೆ ಮನೆಗೆ ಬಂದರೆ ಸುಮ್ಮನೆ ಇರಬೇಕು. ನನ್ನ ಮಗಳಿಗೆ ಬೆಳಗಿನಿಂದ ಸಂಜೆಯವರೆಗೂ ಸೂಜಿ ಹಲ್ಲಿನಲ್ಲಿ ಕಚ್ಚಿಕೊಂಡು ಬಾಯಿ ಮುಚ್ಚಿಕೊಂಡಿದ್ದಕ್ಕೆ ಅವನು ಬಂದ ಮೇಲೆ ಮಾತಾಡಬೇಕು. ಇಬ್ಬರೂ ಒಳ್ಳೆಯವರೇ. ಇಬ್ಬರ ಒಳ್ಳೆಯತನಕ್ಕೂ ಒಂದೇ ಮನೆ ಸಾಲಲಿಲ್ಲ. ಹೊನ್ನಿ ತಾಯಿಯ ಹತ್ತಿರ ಉಳಿದಳು, ಶನಿವಾರ ತಂದೆಯ ಮನೆಗೆ ಹೋಗುತ್ತಿದ್ದಳು. ಭಾನುವಾರ ತಲೆ ತುಂಬ ರಾಗಿ ಹಿಟ್ಟು ಮೆತ್ತಿಕೊಂಡು ಬರುತ್ತಿದ್ದಳು. ಅದನ್ನು ತೊಳೆದೂ ತೊಳೆದೂ ನನ್ನ ಮಗಳು ಒಂದು ದಿನ ಕೋರ್ಟಿಗೆ ಹೋದಳು.

ಕೋರ್ಟು ಮೊದಲು ನಮ್ಮ ಮನೆಗೇ ಬಂದಿತ್ತು. ಜಡ್ಜರು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಸರ್ವಮಂಗಳ ಸಾರಿನ ತೊಟ್ಟು ನಾಲಿಗೆಗೆ ಹಾಕಿಕೊಂಡು ನೋಡುತ್ತಾಳೆ, ಶುದ್ಧ ಸಪ್ಪೆ. ಹೊನ್ನಿ ಕಂಬಕ್ಕೆ ಆನಿಕೊಂಡು ನೆಲ ಕೆರೆಯುತ್ತಿದ್ದಳು. ಮಗಳು ಗಾಬರಿಯಿಂದ ಒಂದು ಹಿಡಿ ಉಪ್ಪು ಸುರಿದಳು. ಜಡ್ಜರು ಸೌಟು ಬಾಯಿಗೆ ಎತ್ತುವುದಕ್ಕೂ, ಪಕ್ಕದ ಮನೆಯ ಮೇಕೆ ಒಳಗೆ ನುಗ್ಗಿ ತಹಸೀಲ್ದಾರರ ಹೆಂಡತಿ ಹೊಲಿಯಲು ಕೊಟ್ಟಿದ್ದ ರವಿಕೆ ಬಾಯಿಗೆ ಹಾಕಿಕೊಳ್ಳುವುದಕ್ಕೂ ಸರಿಹೋಯಿತು. ಹೊನ್ನಿ ಬಿದ್ದು ಬಿದ್ದು ನಕ್ಕಳು. ಹೋಗಿದ್ದ ಉಪ್ಪು, ಮೇಲೆ ಹಾಕಿದ ಉಪ್ಪು, ಎಲ್ಲ ಒಟ್ಟಿಗೆ ಜಡ್ಜರ ಬಾಯೊಳಗೇ ಬಂದು ಇಳಿಯಿತು. ಅವರು ಎರಡು ಚೊಂಬು ನೀರು ಕುಡಿದು, ಕಣ್ಣೊರೆಸಿಕೊಂಡು, "ಈ ಮನೆಯಲ್ಲಿ ಉಪ್ಪಿಗೆ ಕೊರತೆಯಿಲ್ಲ" ಎಂದು ಬರೆಸಿದರು. ಅದು ನಮಗೆ ಗೆಲುವಾಯಿತು.

ರೇವಣ್ಣನ ಮನೆಯಲ್ಲಿ ಅಂಥ ಮೇಕೆ ಯಾವುದೂ ಬರಲಿಲ್ಲ. ಎರಡು ಸಲವೂ ಸಪ್ಪೆ. ಆ ಎರಡು ಸಲ ನಮ್ಮ ಕಡೆಯಿಂದ ನನ್ನ ತಮ್ಮ ಹೋಗಿದ್ದ. ಅವನಿಗೆ ತಟ್ಟೆ ತುಂಬಿದ್ದರೆ ಸಾಕು, ರುಚಿಯ ಮೇಲೆ ಅಂಥ ಗಮನವಿಲ್ಲ. ಮೂರನೆಯ ಸಲಕ್ಕೆ ಅವನು ಯಾರದೋ ನಿಶ್ಚಿತಾರ್ಥಕ್ಕೆ ಹೊರಟುಬಿಟ್ಟ. ಹಾಗಾಗಿ ನನ್ನ ಸರದಿ. ದೇವರ ಗೂಡಿನ ಮುಂದೆ ನಿಂತು, "ತಂದೆ, ಏನು ರುಚಿ ಇದೆಯೋ ಅದನ್ನೇ ಹೇಳಿಸು" ಎಂದು ಕೈಮುಗಿದು ಹೊರಟೆ.

ಗಾಳಿ ಹಿಂದಿನಿಂದ ದಬ್ಬಿದ್ದರಿಂದ ಜಡ್ಜರಿಗಿಂತ ಮೊದಲೇ ತಲುಪಿದೆ. ಮಿಲ್ಲಿನ ಹಿಂದೆಯೇ ಮನೆ. ರೇವಣ್ಣ ಪಂಚೆ ಮೇಲೆ ಕಟ್ಟಿ ಮುದ್ದೆ ತೊಳಸುತ್ತಿದ್ದ. ನನ್ನನ್ನು ಕಂಡು ಕೋಲು ಕೈಯಲ್ಲಿ ಹಿಡಿದುಕೊಂಡೇ ನಿಂತ.

"ಬನ್ನಿ ಅತ್ತೆ. ಗಾಳಿ ಜೋರು."

"ಹೂಂ ಕಣಪ್ಪ. ಅದೇ ಹೊತ್ಕೊಂಡು ಬಂತು. ಇಲ್ಲದಿದ್ರೆ ನನ್ನ ಮಂಡಿ ಇಷ್ಟು ದೂರ ಎಲ್ಲಿ ಬರುತ್ತೆ?"

ಅವನು ಮಣೆ ಹಾಕಿ ನೀರು ತರಲು ಹಿತ್ತಲಿಗೆ ಹೋದ. ಹೊನ್ನಿ ಜರಡಿಯೊಂದನ್ನು ತಲೆಯ ಮೇಲೆ ಹೊತ್ತುಕೊಂಡು, "ಅಜ್ಜಿ, ನಾನು ಮಳೆ. ನೀನು ಊರು" ಎಂದು ನನ್ನ ಸುತ್ತ ಹಿಟ್ಟು ಉದುರಿಸುತ್ತ ತಿರುಗಿದಳು. ನನಗೆ ವಯಸ್ಸಾದರೂ ಕೈಗೆ ವಯಸ್ಸಾಗಿಲ್ಲ. ಒಲೆ ಕಂಡರೆ ಮುಚ್ಚಳ ತೆಗೆಯುವ ಚಾಳಿ. ಹುರುಳಿಕಾಳಿನ ಸಾರು. ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಶಿವ ಶಿವ, ಉಪ್ಪು ಹದವಾಗಿ, ಹುಳಿ ಹದವಾಗಿ, ನನ್ನ ಕೈಯ ಸಾರೂ ಅಷ್ಟು ಕೂಡಿಬಂದಿರಲಿಲ್ಲ. ಇಷ್ಟು ವರ್ಷ ಈ ಗಂಡಸು ಅಡುಗೆ ಮಾಡಬಲ್ಲ ಎಂದು ಯಾರೂ ಹೇಳಿರಲಿಲ್ಲ. ಮುಚ್ಚಳ ಮುಚ್ಚಿ ಏನೂ ತಿಳಿಯದವಳಂತೆ ಕೂತೆ.

ಅಷ್ಟರಲ್ಲಿ ಹೊರಗೆ ಕೆಮ್ಮು ಕೇಳಿಸಿತು. ಮರುಳಸಿದ್ದಯ್ಯನವರು ಬೆಳ್ಳಿ ಸೌಟನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು, ಗಾಳಿಗೆ ಎದ್ದ ಶಲ್ಯವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಂದರು. ದೊಡ್ಡ ಮನುಷ್ಯರು, ಕೋಪವಿಲ್ಲದವರು. ಎಲ್ಲರ ಮನೆಯ ಸಾರು ಉಂಡು ಹೊಟ್ಟೆ ಮಾತ್ರ ಕೊಂಚ ಮುಂದೆ ಬಂದಿತ್ತು. ಒಳಗೆ ಬಂದು ಬಾಯಿ ಮುಕ್ಕಳಿಸಿ, ಗೋಡೆಯ ಕಡೆ ಬೆರಳು ತೋರಿಸಿ, "ಮಗು ಅಲ್ಲಿ ಕೂರಲಿ" ಎಂದರು. ಅದು ಕೋರ್ಟಿನ ಪದ್ಧತಿ.

ಹೊನ್ನಿ ಜರಡಿ ಕೆಳಗಿಟ್ಟಳು. ಗೋಡೆಗೆ ಬೆನ್ನು ಕೊಟ್ಟು ಕೂತು, ಬಾಗಿಲಾಚೆ ನೋಡತೊಡಗಿದಳು. ರೇವಣ್ಣ ಎರಡು ತಟ್ಟೆಗೆ ಬಡಿಸಿದ. ನನ್ನ ತಟ್ಟೆಯ ಪಕ್ಕ ಸಾರು ಚೆಲ್ಲಿತು. ಅದನ್ನು ಹೆಗಲ ಬಟ್ಟೆಯಿಂದಲೇ ಒರೆಸಿದ.

ಜಡ್ಜರು ಸೌಟಿನಿಂದ ಒಂದು ಗುಟುಕು ತೆಗೆದುಕೊಂಡರು. ಕಣ್ಣು ಮುಚ್ಚಿದರು. ತೆರೆದಾಗ ಅವರ ಮುಖದಲ್ಲಿ ಸಂತೋಷವಿರಲಿಲ್ಲ. "ಗಂಗಮ್ಮನವರೆ, ನೀವೂ ನೋಡಿ."

ನಾನು ನೋಡಿದೆ. ನೀರು. ಹುರುಳಿ ಬೇಯಿಸಿದ ಬಿಸಿ ನೀರು.

ಮುದ್ದೆ ಕೈಯಲ್ಲೇ ಉಳಿಯಿತು. ಸಪ್ಪೆ ಎಂದರೆ ಸುಳ್ಳಾಗುತ್ತಿರಲಿಲ್ಲ. ಒಂದು ಮಾತು ಅಂದುಬಿಟ್ಟರೆ ಹೊನ್ನಿ ಪೂರ್ತಿ ನಮ್ಮವಳು. ಶನಿವಾರವೂ ನನ್ನ ಮಗ್ಗುಲಲ್ಲೇ ಮಲಗುತ್ತಾಳೆ, ಮಗಳು ಹಿಟ್ಟಿನ ತಲೆ ತೊಳೆಯುವುದು ತಪ್ಪುತ್ತದೆ. ರೇವಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದ. ನಾನೋ ನಾಲಿಗೆಯನ್ನು ಅಂಗುಳಕ್ಕೆ ಒತ್ತಿಕೊಂಡು ಕೂತಿದ್ದೆ. ಆ ನಾಲಿಗೆಯ ಮೇಲೆ ಮೊದಲಿನ ತೊಟ್ಟಿನ ರುಚಿ ಇನ್ನೂ ಇತ್ತು.

"ಅಯ್ಯನೋರೆ," ಎಂದೆ, "ಈಗ ಸಪ್ಪೆ ಐತೆ. ಆದ್ರೆ ನೀವು ಬರೋಕ್ ಮುಂಚೆ ಇರಲಿಲ್ಲ."

"ಮುಂಚೆ ನೀವು ನೋಡಿದ್ರಾ? ಅದು ಪದ್ಧತಿ ಅಲ್ವಲ್ಲ."

"ಪದ್ಧತಿ ಅಲ್ಲ, ಚಾಳಿ. ಮುಚ್ಚಳ ತೆಗೆದೆ, ನೆಕ್ಕಿದೆ. ಬೇಕಾದ್ರೆ ದಂಡ ಹಾಕಿ. ಉಪ್ಪು ಕಣ್ಣಿಗೊತ್ಕೊಳ್ಳೋ ಹಂಗಿತ್ತು."

"ಅಂದ್ರೆ ನಾನು ಕಾಲಿಟ್ರೆ ಉಪ್ಪು ಹೋಗುತ್ತೆ ಅಂತೀರಾ?"

"ನಾನು ಹಂಗೆ ಅನ್ನಲಿಲ್ಲ. ಸಾರು ಅಂತು."

ಬೇರೆಯವರಾಗಿದ್ದರೆ ಎದ್ದು ಹೋಗುತ್ತಿದ್ದರು. ಮರುಳಸಿದ್ದಯ್ಯನವರು ಸೌಟು ನೋಡಿದರು, ಸಾರು ನೋಡಿದರು, "ಹಂಗಾದ್ರೆ ನೋಡೇಬಿಡೋಣ" ಎಂದು ಹೊರಗೆ ಹೋಗಿ ಬೀದಿಯಲ್ಲಿ ನಿಂತರು. ಹೊನ್ನಿ ಜರಡಿಯ ಕಡೆ ಕೈ ಚಾಚಿದಳು. ನಾನು ಒಂದು ತುತ್ತು ಅದ್ದಿ ಬಾಯಿಗಿಟ್ಟೆ. "ಉಪ್ಪು ಬಂತು" ಎಂದು ಕೂಗಿದೆ. ಜಡ್ಜರು ಓಡಿ ಒಳಗೆ ಬಂದು ಸೌಟು ಅದ್ದಿದರು. ಸಪ್ಪೆ. ಮತ್ತೆ ಹೊರಗೆ ಹೋದರು, ಬಂತು. ಒಳಗೆ ಬಂದರು, ಹೋಯಿತು. ಒಂದು ಸಲ ಬಾಗಿಲಲ್ಲೇ ನಿಂತು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು, ನನ್ನ ಕೈಯಿಂದ ಸೌಟು ತರಿಸಿಕೊಂಡು ಕುಡಿದರು; ಅರೆ ಉಪ್ಪಾಗಿತ್ತಂತೆ. ಜೋಳ ಬೀಸಿಸಲು ಬಂದಿದ್ದ ಹೆಂಗಸರು ಚೀಲ ಕೆಳಗಿಟ್ಟು ಬೀದಿಯಲ್ಲಿ ಸಾಲಾಗಿ ನಿಂತರು. "ಏನು ತಾಯಿ, ಜಡ್ಜರು ಯಾಕೆ ಹೊಸಲು ದಾಟಿ ದಾಟಿ ಆಡ್ತಾವ್ರೆ?" ಎಂದು ಒಬ್ಬಳು. "ಯಾವುದೋ ಹರಕೆ ಇರಬೇಕು, ಸುಮ್ನಿರು" ಎಂದು ಇನ್ನೊಬ್ಬಳು.

ಏದುಸಿರು ಬಿಡುತ್ತ ಅವರು ಹೊನ್ನಿಯ ಮುಂದೆ ಬಂದು ಕೂತರು. ಬೆವರಿನಲ್ಲಿ ಹಿಟ್ಟು ಕೂಡಿ ಹಣೆಯ ಮೇಲೆ ವಿಭೂತಿಯಂತೆ ಬಳಿದುಕೊಂಡಿತ್ತು. "ಯಾಕವ್ವ, ನಾನು ಬಂದ್ರೆ ನಿನಗೆ ಏನಾಗುತ್ತೆ?"

ಹೊನ್ನಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ.

"ಓಡಿಹೋಗಣ ಅನ್ನಿಸುತ್ತೆ ತಾತ."

"ಎಲ್ಲಿಗೆ? ಅಮ್ಮನ ಹತ್ರಕ್ಕಾ?"

"ಊಹೂಂ. ನೀವು ಇಲ್ಲದ ಕಡೆಗೆ."

ಮರುಳಸಿದ್ದಯ್ಯನವರು ನಿಧಾನವಾಗಿ ಸೌಟನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ರೇವಣ್ಣನ ಕೈಗೆ ಕೊಟ್ಟರು. "ಇದನ್ನ ಕಣ್ಣಿಗೆ ಕಾಣದ ಕಡೆ ಇಡಪ್ಪ. ನೀನೂ ಮಿಲ್ಲಿಗೆ ಹೋಗು, ಜನ ಕಾಯ್ತಾವ್ರೆ." ಹೊನ್ನಿಯನ್ನು ಕರೆದುಕೊಂಡು ಹಿತ್ತಲ ಕಲ್ಲಿನ ಮೇಲೆ ಕೂತರು. ಮಗು ನನ್ನ ಸೆರಗು ಬಿಡಲಿಲ್ಲವಾದ್ದರಿಂದ ನಾನೂ ಕೂತೆ.

"ಈಗ ಸಾರಿಲ್ಲ, ಸೌಟಿಲ್ಲ" ಎಂದರು. "ನಿನ್ನ ಮನಸಿನಾಗೇನೈತೆ ಹೇಳು. ಹೇಳದಿದ್ರೂ ನಡೆಯುತ್ತೆ."

ಹೊನ್ನಿ ಮೊದಲು ಅವರ ಹಣೆಯ ಹಿಟ್ಟು ಒರೆಸಿದಳು. ಆಮೇಲೆ ಶುರು ಮಾಡಿದಳು. ಅಪ್ಪನ ಮನೆಗೆ ಬರುವುದು ಇಷ್ಟ. ಆದರೆ ಮೆಣಸಿನಕಾಯಿ ಬೀಸುವ ದಿನ ಬೇಡ, ರಾಗಿ ಬೀಸುವ ದಿನ ಬೇಕು. ಮೆಣಸಿನಕಾಯಿ ದಿನ ಸೀನಿ ಸೀನಿ ಮೂಗು ಉರಿಯುತ್ತದೆ. ಅಪ್ಪ ತಲೆ ಬಾಚುವಾಗ ಎಳೆಯಬಾರದು. ಅವ್ವ, ಅಪ್ಪ ಏನು ಮಾತಾಡಿದ ಎಂದು ಕೇಳಬಾರದು. ಅಪ್ಪ ಮಾತೇ ಆಡುವುದಿಲ್ಲ, ಆಡಿಲ್ಲ ಅಂದರೆ ಅವ್ವ ನಂಬುವುದಿಲ್ಲ. ಹೋಗುವಾಗ ಅಳುವ ಹಾಗೆ ಯಾರೂ ತಬ್ಬಿಕೊಳ್ಳಬಾರದು. ಇಷ್ಟು ಹೇಳಿ ನಿಲ್ಲಿಸಿದಳು.

"ಇನ್ನೂ ಏನೋ ಐತೆ" ಎಂದರು ಜಡ್ಜರು.

"ಒಂದು ಶನಿವಾರ ಜ್ವರ ಅಂತ ಅವ್ವ ಕಳಿಸಲಿಲ್ಲ. ನಂಗೆ ಜ್ವರ ಇರಲಿಲ್ಲ. ಅಪ್ಪ ಆವತ್ತು ಪೂರ್ತಿ ಮಿಲ್ಲು ನಿಲ್ಲಿಸಿಕೊಂಡು ಕಾದಿದ್ದನಂತೆ." ಅವಳು ದನಿ ತಗ್ಗಿಸಿದಳು. "ಅವ್ವಂಗೆ ಬೈಬೇಡಿ. ಅವತ್ತು ಅವ್ವಂಗೂ ಅಳು ಬಂದಿತ್ತು."

ಆ ಜ್ವರದ ವಿಷಯ ನನಗೆ ಗೊತ್ತಿರಲಿಲ್ಲ. ಒಂದೇ ಸೂರಿನ ಕೆಳಗಿದ್ದೂ ಗೊತ್ತಿರಲಿಲ್ಲ. ಆ ದಿನ ನಾನು ಗುಡಿಗೆ ಹೋಗಿದ್ದೆನೋ ಏನೋ.

"ಬೈಯಲ್ಲ" ಎಂದರು ಜಡ್ಜರು. "ಅದು ಕೋರ್ಟಿಗೆ ಬರೋ ಮಾತಲ್ಲ. ನನಗೊಂದು ಹೇಳು. ಯಾರ ಮನೇಲಿ ಎಷ್ಟು ದಿನ ಅಂತ ನೀನೇ ತೀರ್ಮಾನ ಮಾಡ್ತೀಯಾ?"

ಹೊನ್ನಿ ಅವರನ್ನು ಕನಿಕರದಿಂದ ನೋಡಿದಳು. "ನಾನ್ಯಾಕೆ ಮಾಡ್ಲಿ ತಾತ? ನೀವು ದೊಡ್ಡೋರಲ್ವಾ. ನಾನು ಹೇಳಿದ್ದು ಕೇಳಿಸ್ಕೊಳ್ಳಿ, ಆಮೇಲೆ ನೀವೇ ಮಾಡಿ. ಉಪ್ಪು ಹೋದ್ರೆ ಅಪ್ಪನ ಮನೆ ಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ. ನಿಲ್ಲು ಉಪ್ಪೇ, ನಿಲ್ಲು ಉಪ್ಪೇ ಅಂತ ನಾನು ಅಂದ್ಕೊಂಡಷ್ಟೂ ಅದು ಓಡೋಗುತ್ತೆ."

ಮರುಳಸಿದ್ದಯ್ಯನವರು ಬಹಳ ಹೊತ್ತು ಹಿತ್ತಲ ನುಗ್ಗೆಮರದ ಕಡೆ ನೋಡುತ್ತ ಕೂತರು. ಎಷ್ಟು ಮನೆಗಳ ಸಾರು ಅವರ ಕಣ್ಣ ಮುಂದೆ ಬಂತೋ ಶಿವನಿಗೆ ಗೊತ್ತು. ಆಮೇಲೆ ಎದ್ದು ಒಳಗೆ ಹೋಗಿ, ರೇವಣ್ಣನನ್ನು ಕರೆದು, ಸೌಟಿಲ್ಲದೆ ತಟ್ಟೆಯಲ್ಲೇ ಬಡಿಸಿಕೊಂಡು ಹೊಟ್ಟೆ ತುಂಬ ಉಂಡರು. ಹೊನ್ನಿ ಎದುರಿಗೇ ಕೂತು ಉಂಡಳು. ಆ ಸಾರಿನ ರುಚಿಯನ್ನು ನಾನು ಹೇಳಿದರೆ ಅಳಿಯನನ್ನು ಹೊಗಳಿದಂತಾಗುತ್ತದೆ, ಬೇಡ.

ತೀರ್ಪು ಸಣ್ಣದು. ರಾಗಿ ಬೀಸುವ ದಿನ ಶನಿವಾರವೇ ಇರಲಿ, ಮೆಣಸಿನಕಾಯಿಯನ್ನು ರೇವಣ್ಣ ಬೇರೆ ದಿನಕ್ಕೆ ಹಾಕಿಕೊಳ್ಳಲಿ. ಹೊನ್ನಿ ಹೋಗಲಿ, ಬರಲಿ. ಮನೆಗೆ ಬಂದ ಮಗುವನ್ನು ಯಾರೂ ವಿಚಾರಣೆ ಮಾಡದಿರಲಿ. ಕೊನೆಯಲ್ಲಿ ಒಂದು ಸಾಲು: ಇನ್ನು ಮೇಲೆ ಕೋರ್ಟು ಮಕ್ಕಳ ಮಾತು ಕೇಳುತ್ತದೆ, ಸಾರು ಕುಡಿಯುವುದಿಲ್ಲ, ತೀರ್ಮಾನದ ಭಾರವನ್ನು ತಾನೇ ಹೊರುತ್ತದೆ. ಊರಿನಲ್ಲಿ ಗುಸುಗುಸು ಎದ್ದಿತು. "ಹಿರೀಕರ ಪದ್ಧತಿ ಬಿಟ್ಟರಲ್ಲ" ಎಂದರು ಕೆಲವರು. ಮೂರು ಸಲ ಸಪ್ಪೆಯಾಗಿ ಬಾಗಿಲು ಮುಚ್ಚಿಸಿಕೊಂಡಿದ್ದ ಅಪ್ಪಂದಿರು, ಅಮ್ಮಂದಿರು ಒಬ್ಬೊಬ್ಬರಾಗಿ ಕೋರ್ಟಿನ ಜಗಲಿಗೆ ಬಂದು ಕೂರತೊಡಗಿದರು. ಜಡ್ಜರು ಅವರ ಮಕ್ಕಳನ್ನೆಲ್ಲ ಹಿತ್ತಲಿಗೆ ಕರೆದು ಕರೆದು ಮಾತಾಡಿಸಿದರು. ಪುಕ್ಕಟೆ ಊಟ ತಪ್ಪಿ ಅವರ ಹೊಟ್ಟೆಯೂ ಒಳಗೆ ಹೋಯಿತು. ನನಗೆ ಮಾತ್ರ ಇದರಲ್ಲಿ ಹೊಸದೇನೂ ಕಾಣಲಿಲ್ಲ. ದೇವರ ನೈವೇದ್ಯಕ್ಕೆ ಉಪ್ಪು ನೋಡುವ ಪದ್ಧತಿ ನಮ್ಮಲ್ಲಿ ಇಲ್ಲ. ಕೈ ನಂಬಿ ಹಾಕುತ್ತೇವೆ, ಮನಸ್ಸು ನಂಬಿ ಇಡುತ್ತೇವೆ. ದೇವರಿಗೆ ಮಾಡಿದ ಮರ್ಯಾದೆಯನ್ನು ಮಕ್ಕಳಿಗೂ ಮಾಡಿದ ಹಾಗಾಯಿತು, ಅಷ್ಟೆ.

ಮನೆಯಲ್ಲಿ ಮಾತ್ರ ನನಗೆ ಮರ್ಯಾದೆ ಇರಲಿಲ್ಲ.

"ನೀನು ಯಾರ ಕಡೆ ಅವ್ವ?" ಎಂದಳು ಸರ್ವಮಂಗಳ, ಕತ್ತರಿ ಕೆಳಗಿಡದೆ. "ಒಂದು ಮಾತು ಸಪ್ಪೆ ಅಂದಿದ್ರೆ ಆಗ್ತಿತ್ತು. ಯಾರು ನಿನಗೆ ಮುಚ್ಚಳ ತೆಗಿ ಅಂದಿದ್ದು?"

"ಯಾರೂ ಅನ್ನಲಿಲ್ಲ."

"ಅಳಿಯನ ಸಾರು ಅಷ್ಟು ರುಚಿಯಾಯ್ತಾ?"

"ಆಯ್ತು ಕಣೆ. ಏನ್ ಮಾಡ್ಲಿ?"

ಅವಳು ನನ್ನ ಜೊತೆ ಮಾತು ಬಿಟ್ಟಳು. ಹೊನ್ನಿಯ ಮೂಲಕ "ನಿಮ್ಮಜ್ಜಿಗೆ ಊಟಕ್ಕೆ ಹೇಳು" ಎನ್ನುತ್ತಿದ್ದಳು. ಜ್ವರದ ಮಾತನ್ನು ನಾನು ಎತ್ತಲಿಲ್ಲ. ಜಡ್ಜರು ಎತ್ತಲಿಲ್ಲ. ಹೊನ್ನಿಯೂ ಎತ್ತಲಿಲ್ಲ. ಯಾರೂ ಎತ್ತದ ಮಾತು ಮನೆಯಲ್ಲಿ ಓಡಾಡುತ್ತದೆ, ನೀವು ನೋಡಿರಬಹುದು. ಒಲೆಯ ಹತ್ತಿರ, ಮೆಷಿನ್ನಿನ ಹತ್ತಿರ, ಹಾಸಿಗೆಯ ಹತ್ತಿರ ಬಂದು ನಿಲ್ಲುತ್ತದೆ. ಮಗಳು ತೀರ್ಪನ್ನು ಮಾತ್ರ ಮೀರಲಿಲ್ಲ. ಶನಿವಾರ ಬೆಳಿಗ್ಗೆ ಹೊನ್ನಿಯನ್ನು ಕಳಿಸುತ್ತಿದ್ದಳು, ಭಾನುವಾರ ಬಂದವಳ ತಲೆ ತೊಳೆಯುತ್ತಿದ್ದಳು, "ಅಪ್ಪ ಏನಂದ" ಎಂದು ಬಾಯಿಗೆ ಬಂದದ್ದನ್ನು ನುಂಗಿ "ನೀರು ಬಿಸಿಯಾಯ್ತಾ" ಎಂದು ಕೇಳುತ್ತಿದ್ದಳು. ಅಷ್ಟು ನುಂಗುವುದು ಅವಳಿಗೆ ಎಷ್ಟು ಕಷ್ಟವೆಂದು ಹೆತ್ತವಳಿಗೆ ಗೊತ್ತು.

ಶ್ರಾವಣ ಹುಟ್ಟಿದ ಮೇಲೆ ಒಂದು ಬುಧವಾರ ಮಧ್ಯಾಹ್ನ ಅವಳು ಇದ್ದಕ್ಕಿದ್ದಂತೆ ಮೆಷಿನ್ನಿಗೆ ಬಟ್ಟೆ ಮುಚ್ಚಿ ಎದ್ದಳು. ಹೊನ್ನಿಗೆ ಶಾಲೆಗೆ ರಜೆ. ಅವಳಿಗೆ ಒಳ್ಳೆಯ ಲಂಗ ತೊಡಿಸಿ, ಒಂದು ಜೊತೆ ಬಟ್ಟೆ ಚೀಲಕ್ಕೆ ಹಾಕಿ, ನನ್ನ ಕಡೆ ನೋಡದೆಯೇ "ಬರ್ತೀಯಾ ಅವ್ವ" ಎಂದಳು. ನಾನು ಎಲ್ಲಿಗೆ ಎಂದು ಕೇಳಲಿಲ್ಲ.

ಮಿಲ್ಲಿನಲ್ಲಿ ಗೋಧಿ ಬೀಸುತ್ತಿದ್ದರು. ನಾಲ್ಕಾರು ಹೆಂಗಸರು ಚೀಲಗಳ ಮೇಲೆ ಕೂತು ಸರದಿ ಕಾಯುತ್ತಿದ್ದರು. ರೇವಣ್ಣ ಹುಬ್ಬಿನವರೆಗೂ ಬಿಳಿಯಾಗಿದ್ದ. ಬಾಗಿಲಲ್ಲಿ ನಮ್ಮನ್ನು ಕಂಡು ಸ್ವಿಚ್ಚು ಆರಿಸಿದ. ಬೆಲ್ಟು ಸುತ್ತಿ ಸುತ್ತಿ ನಿಂತಿತು. ಅವನು ನನ್ನನ್ನು ನೋಡಿದ, ಹೊನ್ನಿಯನ್ನು ನೋಡಿದ, ಬುಧವಾರ ಯಾಕೆ ಎಂದು ಕೇಳಲು ಹೆದರಿದವನ ಹಾಗೆ ಕೈ ಒರೆಸಿಕೊಂಡ.

ನನ್ನ ಮಗಳು ಅಷ್ಟು ಕಡಿಮೆ ಮಾತಾಡಿದ್ದನ್ನು ನಾನು ಮತ್ತೆ ಕಂಡಿಲ್ಲ.

"ಒಂದು ಶನಿವಾರ ನಿಮ್ಮದು ನನ್ನ ಹತ್ರ ಉಳಕೊಂಡಿತ್ತು" ಎಂದಳು. ಹೊನ್ನಿಯ ಕೈಯನ್ನು ಅವನ ಹಿಟ್ಟಿನ ಕೈಯೊಳಗೆ ಇಟ್ಟು, ಬಟ್ಟೆಯ ಚೀಲವನ್ನು ತಕ್ಕಡಿಯ ಪಕ್ಕ ಇಳಿಸಿ, ನನ್ನ ತೋಳು ಹಿಡಿದುಕೊಂಡು ಮೆಟ್ಟಿಲಿಳಿದಳು.